ಟಿಟ್ಟಿಭದ ಕಣ್ಣಂಚಿನ ಕೆಮ್ಮಣ್ಣು

ಭೂಮಿ ಇನ್ನೂ ಹಸಿಯಾಗಿದ್ದ ಕಾಲ ಅದು. ಬೆಟ್ಟಗಳು ಕೂರಲು ಜಾಗ ಹುಡುಕುತ್ತಿದ್ದವು, ಹೊಳೆಗಳಿಗೆ ಇನ್ನೂ ದಾರಿ ಗೊತ್ತಿರಲಿಲ್ಲ. ಆಗ ಭೂಮಿತಾಯಿ ಒಬ್ಬೊಬ್ಬರಿಗೂ ಒಂದೊಂದು ತುಂಡು ನೆಲ ಹಂಚಿದಳು. ಬೋರಕ್ಕನೆಂಬ ಒಂಟಿ ಹೆಂಗಸಿನ ಪಾಲಿಗೆ ಒಂದು ತಗ್ಗು ಬಂತು. ನಡುವೆ ಜೌಗು, ಜೌಗಿನ ತುಂಬ ಜೊಂಡುಹುಲ್ಲು, ಸುತ್ತಲೂ ನೇರಳೆ, ಹೊಂಗೆ, ಅತ್ತಿಮರಗಳ ಕಾಡು.

ಇದು ನಿನ್ನದು ಎಂದಳು ಭೂಮಿತಾಯಿ. ಇನ್ನೂ ಯಾರ್ಯಾರದು ಎಂದು ಹೇಳಲು ಮರೆತಳು. ಪಾಪ, ಅವಳಿಗೂ ಅವತ್ತು ಕೈತುಂಬ ಕೆಲಸ.

ಬೋರಕ್ಕ ಒಳ್ಳೆಯವಳೇ. ಆದರೆ ಕಸ ಕಂಡರೆ ಅವಳಿಗಾಗದು. ಬೆಳಗಾದರೆ ಅಂಗಳ ಗುಡಿಸಿ, ಸಗಣಿನೀರು ಚಿಮುಕಿಸಿ, ರಂಗೋಲಿ ಎಳೆಯದೆ ತೊಟ್ಟು ನೀರನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಅಂಗಳ ಗುಡಿಸಬೇಡ ಎಂದು ಯಾರು ತಾನೇ ಹೇಳಿಯಾರು? ಆದರೆ ಅಂಗಳ ಎಲ್ಲಿಗೆ ಮುಗಿಯುತ್ತದೆ ಎನ್ನುವುದು ಬೋರಕ್ಕನಿಗೆ ತಿಳಿಯಲಿಲ್ಲ.

ಮೊದಲ ದಿನ ಬಾಗಿಲ ಮುಂದೆ ಗುಡಿಸಿದಳು. ಮರುದಿನ ಅತ್ತಿಮರದ ಬುಡದವರೆಗೆ ಗುಡಿಸಿದಳು. ಅದರ ಮರುದಿನ, ಎಷ್ಟು ಗುಡಿಸಿದರೂ ಮರ ಮತ್ತೆ ಎಲೆ ಉದುರಿಸುತ್ತದೆಯಲ್ಲ ಎಂದು ರೇಗಿ ಮರವನ್ನೇ ಕಡಿದಳು. ಆಮೇಲೆ ಉಳಿದ ಮರಗಳನ್ನೂ ಕಡಿದು ಜೊಂಡು ಕಿತ್ತಳು. ಜೌಗು ಅವಳ ಕಣ್ಣಿಗೆ ಕೊಚ್ಚೆಯಾಗಿ ಕಂಡಿತು. ಕಾಲುವೆ ತೋಡಿ ಆ ನೀರನ್ನೆಲ್ಲ ಹೊರಗೆ ಹರಿಸಿಬಿಟ್ಟಳು. ಕೊನೆಗೆ ಅವಳ ಪಾಲಿನ ನೆಲವೆಲ್ಲ ಒಂದೇ ಅಂಗಳವಾಯಿತು.

ಕಪ್ಪೆ ಹೋಯಿತು. ಮಿಂಚುಳ್ಳಿ ಹೋಯಿತು. ಹುಂಡುಕೋಳಿ ಮರಿಗಳನ್ನು ಸಾಲಾಗಿ ನಡೆಸಿಕೊಂಡು ಹೋಯಿತು. ಆಮೆ ಎಲ್ಲರಿಗಿಂತ ಮೊದಲು ಹೊರಟು ಎಲ್ಲರಿಗಿಂತ ಕೊನೆಗೆ ಗಡಿ ದಾಟಿತು. ಯಾರೂ ಜಗಳವಾಡಲಿಲ್ಲ. ಆದರೆ ಹೋಗಿ ಬರ್ತೀವಿ ಎಂದು ಒಬ್ಬರೂ ಹೇಳಲಿಲ್ಲ. ಹೋಗುವವರು ಆ ಮಾತು ಹೇಳದೆ ಹೋದರೆ ತಿರುಗಿ ಬರುವ ಮನಸ್ಸಿಲ್ಲವೆಂದೇ ಅರ್ಥ. ಅದು ಬೋರಕ್ಕನಿಗೂ ಗೊತ್ತಿತ್ತು.

ಉಳಿದದ್ದು ಒಂದು ಟಿಟ್ಟಿಭ ಹಕ್ಕಿ. ಆಗೆಲ್ಲ ಟಿಟ್ಟಿಭ ಜೊಂಡಿನೊಳಗೆ ಬಿಳೀ ಮೊಟ್ಟೆ ಇಡುತ್ತಿತ್ತು. ಜೊಂಡು ಹೋದ ಮೇಲೆ ಅದರ ನಾಲ್ಕು ಮೊಟ್ಟೆಗಳು ಬರೀ ನೆಲದಲ್ಲಿ ಬಿದ್ದಿದ್ದವು. ಬೋರಕ್ಕ ಗುಡಿಸುತ್ತ ಗುಡಿಸುತ್ತ ಅಲ್ಲಿಗೆ ಬಂದಳು. ಹಕ್ಕಿ ಅಲುಗಲಿಲ್ಲ.

ಎಲ್ಲರೂ ಹೋದರಲ್ಲ, ನೀನು ಹೋಗಲಿಲ್ಲವೇ ಎಂದು ಕೇಳಿದಳು.

"ಮೊಟ್ಟೆ ಬುಟ್ಟು ಎಲ್ಲಿಗ್ ಹೋಗ್ಲಿ ಬೋರಕ್ಕ?"

ಅಂದು ಮೊದಲ ಸಲ ಬೋರಕ್ಕನ ಪೊರಕೆ ಒಂದಿಷ್ಟು ನೆಲವನ್ನು ಬಿಟ್ಟು ಸುತ್ತಿಕೊಂಡು ಹೋಯಿತು. ಮೇಲೆ ಹದ್ದು ಹಾರುವುದನ್ನು ಕಂಡು ಅವಳು ಮಣ್ಣು ಕಲಸಿ ಮೊಟ್ಟೆಗಳಿಗೆ ಚುಕ್ಕೆ ಚುಕ್ಕೆಯಾಗಿ ಬಳಿದಳು. ಹದ್ದಿಗೆ ಮಣ್ಣು ಕಂಡಿತು, ಮೊಟ್ಟೆ ಕಾಣಲಿಲ್ಲ.

ಮರಿಗಳು ರೆಕ್ಕೆ ಬಲಿತು ಹಾರಿಹೋದವು. ಟಿಟ್ಟಿಭ ಮಾತ್ರ ಅವಳ ಜೊತೆಗೇ ಉಳಿಯಿತು. ದೂರದಿಂದ ಯಾರು ಬಂದರೂ ಕಾಣುವ ಆ ಬಯಲು ಅದಕ್ಕೆ ಒಗ್ಗಿಹೋಗಿತ್ತು. ಅಷ್ಟು ದೊಡ್ಡ ಅಂಗಳದಲ್ಲಿ ಒಬ್ಬ ಹೆಂಗಸು, ಒಂದು ಹಕ್ಕಿ. ಬೋರಕ್ಕ ಏನಾದರೂ ಅಂದರೆ ಅದು ಹೂಂಗುಟ್ಟುತ್ತಿತ್ತು. ಅದು ಮೇಯಲು ಹೋದಾಗ ಮಾತ್ರ ಬೋರಕ್ಕನಿಗೆ ಜೀವ ಹಿಂಡಿದಂತಾಗುತ್ತಿತ್ತು. ಕಪ್ಪೆಯ ವಟವಟ ಕೇಳಿ ಎಷ್ಟು ದಿನವಾಯಿತೋ ಎಂದು ಹೊಸ್ತಿಲ ಮೇಲೆ ಕೂತು ಅತ್ತಳು.

ಹಾದುಹೋಗುತ್ತಿದ್ದ ಗಾಳಿಯನ್ನು ನಿಲ್ಲಿಸಿ, ಎಲ್ಲರನ್ನೂ ಕರೆದುಕೊಂಡು ಬಾ ಎಂದು ಬೇಡಿಕೊಂಡಳು.

"ಕರುದ್ರೆ ಬರಕ್ಕೆ ಅವೇನ್ ನೆಂಟ್ರಾ ಬೋರಕ್ಕ?" ಎಂದಿತು ಗಾಳಿ. "ಇದು ಅವುಗಳ ಮನೆ ಆಗಿತ್ತು. ಮನೆ ಇದ್ರೆ ಬತ್ತವೆ."

ಬೋರಕ್ಕ ಪೊರಕೆಯನ್ನು ಅಟ್ಟಕ್ಕೆಸೆದಳು. ಕಾಲುವೆಗೆ ಅಡ್ಡಲಾಗಿ ಕಲ್ಲು ಜೋಡಿಸಿ ಮಣ್ಣು ಮೆತ್ತಿದಳು. ನೇರಳೆ ಬೀಜ, ಹೊಂಗೆ ಬೀಜ ಹುಡುಕಿ ತಂದು ಊರಿದಳು. ಉಳಿದದ್ದನ್ನು ಗಾಳಿ ತಂದು ಹಾಕಿತು. ಬಿದ್ದ ಎಲೆ ಬಿದ್ದಲ್ಲೇ ಇರಲಿ ಎಂದು ಬಿಟ್ಟಳು. ಅದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು, ಕೈ ಕಟ್ಟಿಕೊಂಡು ಕೂರಬೇಕಾಯಿತು.

ಮಳೆ ಬಂತು, ನೀರು ನಿಂತಿತು. ಇನ್ನೊಂದು ಮಳೆ ಬಂತು, ಜೊಂಡು ಎದ್ದಿತು. ಹತ್ತಾರು ಮಳೆ ಹೋದ ಮೇಲೆ ಮರಗಳು ಒಂದನ್ನೊಂದು ಮುಟ್ಟಿದವು. ಕಪ್ಪೆ ಬಂತು. ಮಿಂಚುಳ್ಳಿ ಬಂತು. ಹುಂಡುಕೋಳಿ ಬಂತು. ಆಮೆ ಬರುತ್ತಾ ಇತ್ತು.

ಆದರೆ ಟಿಟ್ಟಿಭದ ಬಯಲು ವರ್ಷ ವರ್ಷಕ್ಕೂ ಚಿಕ್ಕದಾಗುತ್ತ ಬಂತು. ಹುಲ್ಲಿನ ಮರೆಯಲ್ಲಿ ಮುಂಗುಸಿ ಬಂದದ್ದು ಅದಕ್ಕೆ ಕಾಣಲಿಲ್ಲ. ಒಂದು ವರ್ಷ ಎರಡು ಮೊಟ್ಟೆ ಹೋದವು. ಮರುವರ್ಷ ನಾಲ್ಕೂ ಹೋದವು. ಕೊನೆಗೆ ಬೋರಕ್ಕನ ಬಾಗಿಲ ಮುಂದೆ ಒಂದು ಮೊರದಷ್ಟು ಬರೀ ನೆಲ ಉಳಿಯಿತು. ಹಕ್ಕಿ ಅದರ ಮೇಲೆ ಒಂಟಿಕಾಲಲ್ಲಿ ನಿಂತಿತ್ತು.

ಬೋರಕ್ಕ ಅದನ್ನು ಕಂಡಳು. ಯಾರೂ ಇಲ್ಲದಾಗ ಇದ್ದದ್ದು ಇದೊಂದೇ. ಒಳಗೆ ಹೋಗಿ ಅಟ್ಟದಿಂದ ಪೊರಕೆ ಇಳಿಸಿ ತಂದಳು. ನಿನಗೆ ಬೇಕಾದಷ್ಟು ಜಾಗ ಗುಡಿಸಿಕೊಡುತ್ತೇನೆ, ಹೋಗಬೇಡ ಎಂದಳು.

ಟಿಟ್ಟಿಭ ಪೊರಕೆಯನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿಯಿತು.

"ಬ್ಯಾಡ ಕಣವ್ವ," ಎಂದಿತು. ಅದು ಅವಳನ್ನು ಅವ್ವ ಎಂದದ್ದು ಅದೇ ಮೊದಲು. "ನೀನ್ ಪೊರಕೆ ಹಿಡುದ್ರೆ ಅಂಗಳದಲ್ಲೇ ನಿಲ್ಲಕಿಲ್ಲ. ನಂಗೊತ್ತಿಲ್ವಾ ನಿನ್ ಬುದ್ಧಿ?"

ಬೋರಕ್ಕ ಪೊರಕೆ ಕೆಳಗಿಟ್ಟಳು.

ಮನೆಯಿಂದ ಹೊರಟ ಮಗಳನ್ನು ಬರಿಹಣೆಯಲ್ಲಿ ಕಳಿಸುವುದುಂಟೇ? ಮಡಿಲು ತುಂಬೋಣವೆಂದರೆ ಹಕ್ಕಿಗೆ ಮಡಿಲೆಲ್ಲಿದೆ? ಬೋರಕ್ಕ ಗೋಡೆಗೆ ಸಾರಿಸಿ ಉಳಿದಿದ್ದ ಕೆಮ್ಮಣ್ಣನ್ನು ಬೆರಳ ತುದಿಯಲ್ಲಿ ತಂದು ಹಣೆಗಿಡಲು ಹೋದಳು. ಹಕ್ಕಿ ತಲೆಯನ್ನು ಅತ್ತಿತ್ತ ಹೊರಳಿಸಿತು. ಮಣ್ಣು ಹಣೆ ಬಿಟ್ಟು ಎರಡೂ ಕಣ್ಣಿನ ಅಂಚಿಗೆ ಮೆತ್ತಿಕೊಂಡಿತು.

"ಹೋಗ್ ಬತ್ತೀನವ್ವ," ಎಂದಿತು ಟಿಟ್ಟಿಭ.

ಕೊಟ್ಟ ಮಾತಿನಂತೆ ಅದು ದಿನವೂ ಸಂಜೆ ಬಂತು. ಆದರೆ ಮರಗಳ ನಡುವೆ ಇಳಿಯಲು ಅದಕ್ಕೆ ಜಾಗ ಕಾಣಲಿಲ್ಲ. ಕೊಂಬೆಯ ಮೇಲೆ ಕೂರೋಣವೆಂದರೆ ನೆಲ ಬಿಟ್ಟು ಅದಕ್ಕೆ ಅಭ್ಯಾಸವಿಲ್ಲ. ಕಾಡಿನ ಅಂಚಿನ ಮೇಲೆ ಕೂಗುತ್ತ ಸುತ್ತು ಹಾಕಿ ಹೋಗುತ್ತಿತ್ತು. ಜೌಗಿನ ತುಂಬ ಕಪ್ಪೆಗಳು ವಟಗುಟ್ಟುತ್ತಿದ್ದವು. ಎಲ್ಲರೂ ಬಂದಿದ್ದರು, ಆಮೆ ಕೂಡ. ಆ ಗದ್ದಲದ ನಡುವೆ ಬೋರಕ್ಕ ಹೊಸ್ತಿಲಲ್ಲಿ ನಿಂತು ಆ ಒಂದು ಕೂಗಿಗೆ ಕಿವಿಗೊಟ್ಟು, ಬಂದೆಯಾ ಮಗಳೇ ಎನ್ನುತ್ತಿದ್ದಳು. ಎಲೆಗಳ ಮರೆಯಲ್ಲಿ ಅವಳಿಗೆ ಹಕ್ಕಿ ಕಾಣುತ್ತಿರಲಿಲ್ಲ, ಹಕ್ಕಿಗೆ ಅವಳೂ ಕಾಣುತ್ತಿರಲಿಲ್ಲ.

ಅದಕ್ಕೇ ಮಗು, ಇವತ್ತಿಗೂ ಟಿಟ್ಟಿಭ ಮರದ ಮೇಲೆ ಕೂರುವುದಿಲ್ಲ, ಬರೀ ನೆಲದಲ್ಲಿ ಮಣ್ಣುಚುಕ್ಕೆಯ ಮೊಟ್ಟೆ ಇಡುತ್ತದೆ. ಕೆರೆಯಂಚಿನ ಬಯಲಲ್ಲಿ ಅದು ನಿನ್ನ ತಲೆಯ ಮೇಲೆ ಕೂಗುತ್ತ ಸುತ್ತಿದರೆ ಹೆದರಿ ಓಡಬೇಡ, ನಿಂತು ಅದರ ಕಣ್ಣಂಚು ನೋಡು: ಬೋರಕ್ಕ ಮೆತ್ತಿದ ಕೆಮ್ಮಣ್ಣು ಇನ್ನೂ ಅಲ್ಲೇ ಇದೆ.