ಮೌನಪ್ಪ ದ್ಯಾಮವ್ವನ ಅಚ್ಚು ಕಾಯ್ದದ್ದು

ಪೆದ್ದನಿಲ್ಲದ ಊರನ್ನು ನಾನಂತೂ ಕಂಡಿಲ್ಲ. ತಿರುಗಿದ ಊರುಗಳೇನೂ ಕಮ್ಮಿಯಲ್ಲ. ಎಲ್ಲ ಊರಿನ ಪೆದ್ದರೂ ಹೇಳಿದ್ದನ್ನು ಮರೆಯುತ್ತಾರೆ. ಕಂಚುಗಾರರ ಓಣಿಯ ಮೌನಪ್ಪನ ತೊಂದರೆಯೇ ಬೇರೆ. ಅವನು ಏನನ್ನೂ ಮರೆಯುತ್ತಿರಲಿಲ್ಲ.

ಮೌನಪ್ಪನಿಗೆ ಮೂವತ್ತು ವರ್ಷ. ಅವನ ಅವ್ವ ಕಾಳವ್ವನಿಗೆ ಕಣ್ಣಿಗೆ ಪೊರೆ, ಮೊಣಕಾಲಿಗೆ ನೋವು, ಜೀವಕ್ಕೆ ಈ ಮಗ. ಗಂಡ ಸಾಯುವ ಮೊದಲು ಊರದೇವಿ ದ್ಯಾಮವ್ವನ ಮೊಗವೊಂದನ್ನು ಮಣ್ಣಿನಲ್ಲಿ ತಿದ್ದಿಟ್ಟಿದ್ದ, ಅಂಗೈಯಗಲದ್ದು. ಅವನ ಕೈಕೆಲಸ ಅಂತ ಉಳಿದದ್ದು ಅದೊಂದೇ. ಸುಡದ ಮಣ್ಣು, ವರ್ಷಕ್ಕೊಂದು ಬಿರುಕು. ಅದನ್ನೊಮ್ಮೆ ಕಂಚಿಗೆ ಇಳಿಸಿಬಿಟ್ಟರೆ ಕಣ್ಣು ಮುಚ್ಚಬಹುದು ಅಂತ ಕಾಳವ್ವನ ಆಸೆ.

“ಮೌನ್ಯಾ, ಮೊಗದ ಮ್ಯಾಲೆ ಹಸಿ ಮಣ್ಣು ಮೆತ್ತು. ಒಣಗಿದ ಮ್ಯಾಲೆ ಮುಂದಿಂದೊಂದು, ಹಿಂದಿಂದೊಂದು ಹೋಳು ಬಿಡಿಸು. ಅದೇ ಅಚ್ಚು.”

ಮೆತ್ತಿದ. ಒಣಗಿಸಿದ. ಎಳೆದ. ಅಚ್ಚಿನ ಜೊತೆ ದೇವಿಯ ಕಿವಿಯೂ ಬಂತು!

“ಅಯ್ಯ ಖೋಡಿ! ಎಣ್ಣಿ ಹಚ್ಚದ ಮೆತ್ತತಾರೇನೋ? ಯಾತರ ಮ್ಯಾಲೆ ಏನಿಟ್ಟರೂ ಮೊದಲ ಎಣ್ಣಿ ಹಚ್ಚಬೇಕು!”

“ಮೊದಲ ಎಣ್ಣಿ. ಆತಬೇ.”

ಕಾಳವ್ವ ಬೆರಳಲ್ಲೇ ತಡವಿ ಕಿವಿ ಮೆತ್ತಿದಳು. ಎಣ್ಣೆ ಹಚ್ಚಿ ತಾನೇ ಅಚ್ಚು ತೆಗೆದಳು. ಎರಡೂ ಹೋಳು ಚೊಕ್ಕವಾಗಿ ಬಿಟ್ಟವು. “ಸಾಕಾತಪ್ಪ. ಈ ಮೊಗಾ ಗೂಡಿನ್ಯಾಗ ಇಡು.”

ಮೊದಲ ಎಣ್ಣಿ! ಮೌನಪ್ಪ ಗೋಡೆಯ ಗೂಡಿಗೆ ಎಣ್ಣೆ ಹಚ್ಚಿದ, ಧಾರಾಳವಾಗಿಯೇ ಹಚ್ಚಿದ. ಮೊಗ ಇಟ್ಟ. ಮೊಗ ಜಾರಿತು. ನೆಲದ ಮೇಲೆ ಎರಡು ಹಿಡಿ ಪುಡಿ.

ಕಾಳವ್ವ ಕೂತುಬಿಟ್ಟಳು. ಗಂಡನ ಕೈ ಇನ್ನು ಉಳಿದದ್ದು ಆ ಎರಡು ಹೋಳಿನ ಟೊಳ್ಳಿನಲ್ಲಿ ಮಾತ್ರ.

“ಜಾರೂದನ್ನ ಹಗ್ಗ ತಗೊಂಡು ಬಿಗಿದು ಕಟ್ಟಬೇಕಲ್ಲೋ!”

“ಬಿಗಿದು ಕಟ್ಟಬೇಕು. ಆತಬೇ.”

ಮರುದಿನ ಕುಲುಮೆಗೆ ಗಾಳಿ ಊದುವ ತಿದಿ ತರಲು ಪಕ್ಕದ ಮನೆಯ ಅಡಿವೆಪ್ಪಜ್ಜನ ಹತ್ತಿರ ಕಳಿಸಿದಳು. ದಾರಿಯಲ್ಲಿ ತಿದಿ ಹೆಗಲಿಂದ ಜಾರಿತು. ಜಾರಿತಲ್ಲ! ಮೌನಪ್ಪ ಮೂತಿಯಿಂದ ಬಾಲದವರೆಗೆ ಹಗ್ಗ ಸುತ್ತಿ, ಮೇಲೆ ಮಂಡಿಯೂರಿ ಬಿಗಿದ. ಚರ್ಮ ಚರ್ರನೆ ಹರಿಯಿತು.

ಅಡಿವೆಪ್ಪಜ್ಜ ಓಡಿ ಬಂದ. “ಏ ಕಾಳವ್ವಾ! ನಿನ್ನ ಮಗ ನನ್ನ ತಿದಿಗೆ ಹೆಣ ಕಟ್ಟಿದಂಗ ಕಟ್ಯಾನಲ್ಲಬೇ!”

ಕಾಳವ್ವನಿಗೆ ಬೈಯುವ ಕಸುವೂ ಉಳಿದಿರಲಿಲ್ಲ. ಆದರೂ ಬೈದಳು. “ತಿದಿ ಹೊಟ್ಟಿ ತುಂಬಿದರಲ್ಲೇನೋ ಉಸಿರು ಬಿಡೂದು? ಖಾಲಿ ಹೊಟ್ಟೀಲೆ ಯಾವುದರಿಂದ ಕೆಲಸ ಆಗತೈತಿ? ಯಾತರ ಹೊಟ್ಟೀನೂ ಖಾಲಿ ಬಿಡಬಾರದು!”

“ಹೊಟ್ಟಿ ಖಾಲಿ ಬಿಡಬಾರದು. ಆತಬೇ.”

“ನಾ ತಿದಿ ಹೊಲಿದು ಬರತೀನಿ. ನೀ ಅಚ್ಚು ಕಾಯಿ. ಅದರಾಗ ನನ್ನ ಜೀವ ಐತಿ.”

ಮೌನಪ್ಪ ಕಾಯುತ್ತ ಕೂತ. ಅಚ್ಚಿನೊಳಗೆ ಇಣುಕಿದ. ಮೂಗಿನ ಜಾಗದಲ್ಲಿ ಗುಳಿ, ಕೆನ್ನೆಯ ಜಾಗದಲ್ಲಿ ಗುಳಿ. ಎಲ್ಲ ಖಾಲಿ! “ಅಯ್ಯ ಪಾಪ, ದ್ಯಾಮವ್ವ ಹಸದಾಳ!”

ಮೂಲೆಗೆ ಗುಡಿಸಿಟ್ಟ ಮೊಗದ ಪುಡಿ ಇತ್ತು. ಅದಕ್ಕೇ ನೀರು ಹಾಕಿ ನಾದಿದ. ಮೊದಲು ಎಣ್ಣೆ ಹಚ್ಚಿದ. ಮಣ್ಣು ತುಂಬಿದ. ಹೋಳು ಕೂಡಿಸಿ ಬಿಗಿದು ಕಟ್ಟಿದ. ಒಂದನ್ನೂ ಮರೆಯಲಿಲ್ಲ.

ನಾಲ್ಕು ದಿನ ಬಿಟ್ಟು ಕುಲುಮೆ ಹೊತ್ತಿತು. ಅಚ್ಚು ಎತ್ತಿದರೆ ಭಾರ. ನನ್ನ ಕೈಗಳೇ ಸೋತವು ಅಂದುಕೊಂಡಳು ಕಾಳವ್ವ. ಮನೆಯಲ್ಲಿದ್ದ ಹಳೇ ಕಂಚನ್ನೆಲ್ಲ ಮೂಸೆಯಲ್ಲಿ ಕರಗಿಸಿ, ಅಚ್ಚಿನ ಬಾಯಿಗೆ ಹೊಯ್ದಳು. ಕಂಚು ಒಳಗೆ ಇಳಿಯಲೊಲ್ಲದು! ಚಟಪಟ ಸಿಡಿದು, ಪಕ್ಕಕ್ಕೆ ಹರಿದು, ನೆಲದ ಮೇಲೆ ರೊಟ್ಟಿಯಾಗಿ ಕೂತಿತು.

ಆರಿದ ಮೇಲೆ ಹಗ್ಗ ಕೊಯ್ದು ಹೋಳು ಬಿಡಿಸಿದಳು. ಬೆರಳಾಡಿಸಿದಳು. ಮೂಗು ಇತ್ತು. ತುಟಿ ಇತ್ತು. ತಾನು ಮೆತ್ತಿದ ಕಿವಿಯ ಗೀರು ಕೂಡ ಇತ್ತು. ಗಂಡ ಮಾಡಿದ್ದು ಹೇಗಿತ್ತೋ ಹಾಗೇ. ಮಣ್ಣು!

“ಏನೋ ಇದು, ಮೌನ್ಯಾ?”

“ಹೊಟ್ಟಿ ತುಂಬಿಸೀನಬೇ. ಅಪ್ಪನ ಮಣ್ಣೇ!”

ಕಾಳವ್ವ ಬೈಯಲು ಬಾಯಿ ತೆರೆದಳು. ಬೈದರೆ ಮತ್ತೊಂದು ಬುದ್ಧಿಮಾತು ಹೇಳಬೇಕು. ಬಾಯಿ ಮುಚ್ಚಿದಳು.

ಮೊಗವನ್ನು ತಾನೇ ಇಡುತ್ತೇನೆಂದು ಗೂಡಿಗೆ ಕೈ ಚಾಚಿದರೆ ಬೆರಳು ಜಾರಿತು. ಎಣ್ಣೆ ಇನ್ನೂ ಆರಿರಲಿಲ್ಲ. ಕಾಲು ಚಾಚಿ ಕೂತು, ಮೊಗವನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಮೌನಪ್ಪ ಗಾಬರಿಯಾಗಿ ಓಡಿದ. ಎಣ್ಣೆ ಗಿಂಡಿ ಹಿಡಿದು ಬಂದ. “ಯವ್ವಾ! ತೊಡಿ ಮ್ಯಾಲೆ ಇಟ್ಟೀ, ಎಣ್ಣೀನ ಹಚ್ಚಿಲ್ಲಲ್ಲಬೇ!”

ಕಾಳವ್ವ ಮೊಗವನ್ನು ಎರಡೂ ಕೈಯಿಂದ ಎದೆಗೆ ಎತ್ತಿಕೊಂಡಳು. ಸೀರೆಯನ್ನು ಮೊಣಕಾಲಿಗೆ ಸರಿಸಿದಳು.

“ಹಚ್ಚೋ ಮಗನಾ. ಇಲ್ಲಿ ಹಚ್ಚು, ನೋಯತೈತಿ.”

ಹಚ್ಚಿದ. ಚೆನ್ನಾಗಿ ತಿಕ್ಕಿ ತಿಕ್ಕಿ ಹಚ್ಚಿದ. ಹಿತಕ್ಕೆ ಅವ್ವನ ಕಣ್ಣು ಮೆಲ್ಲಗೆ ಮುಚ್ಚಿತು.

ಆಮೇಲೆ ಮೊಣಕಾಲು ಮುಟ್ಟಿ ನೋಡಿದ. ಜಾರುತ್ತಿತ್ತು. ಹಗ್ಗ ತರಲು ಎದ್ದ.