ಅಳಿಲಮ್ಮನ ದ್ರಾಕ್ಷಿ, ಕರಡಿರಾಯನ ಟ್ರೈಲರ್

ಗಿಳಿಗಳ ಮದುವೆಗೆ ದ್ರಾಕ್ಷಿ ಒದಗಿಸಲು ಒಪ್ಪಿಕೊಂಡಿದ್ದ ಅಳಿಲಮ್ಮ, ಬಿಸಿಲಿಗೆ ಹೆದರಿ ಕರಡಿರಾಯನ ತಂಪು ಟ್ರೈಲರನ್ನು ಬಾಡಿಗೆಗೆ ಪಡೆದಳು. ಕೋಣಪ್ಪ ಅದನ್ನು ಎಳೆದುಕೊಂಡು ಹೊರಟ. ಹಣ್ಣು ಕೆಟ್ಟರೆ ಮಾನ ಹೋದಂತೆಯೇ ಎಂಬುದೇ ಅಳಿಲಮ್ಮನ ಚಿಂತೆಯಾಗಿತ್ತು. ಮರ ಕಂಡಲ್ಲೆಲ್ಲ ಗಾಡಿ ನಿಲ್ಲಿಸಿ, ಬಾಗಿಲು ತೆರೆದು, ಒಳಗೆ ಇನ್ನೂ ತಂಪಿದೆಯೇ ಎಂದು ಒಂದೊಂದೇ ಗೊಂಚಲನ್ನು ಮುಟ್ಟಿ ನೋಡಿದಳು. ಮದುವೆಮನೆ ತಲುಪುವಷ್ಟರಲ್ಲಿ ದ್ರಾಕ್ಷಿಯೆಲ್ಲ ಹುಳಿ ನಾರುತ್ತಿತ್ತು. ಗಿಳಿಗಳು ಕೊಕ್ಕು ತಿರುಗಿಸಿಕೊಂಡು ಹೋದವು.

ಅಳಿಲಮ್ಮ ಸಿಟ್ಟಿನಿಂದ ಕರಡಿರಾಯನ ಬಳಿಗೆ ಓಡಿದಳು. "ನಿಮ್ಮ ಟ್ರೈಲರ್ ಕೆಟ್ಟಿದೆ ರಾಯರೇ! ದಾರಿಯುದ್ದಕ್ಕೂ ಬಾಗಿಲು ತೆರೆದು ಪರೀಕ್ಷಿಸಿದ್ದೇನೆ. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಬೆಚ್ಚಗಿತ್ತು!"

ಕರಡಿರಾಯ ಗದ್ದ ಕೆರೆದುಕೊಂಡು ಹೇಳಿದ: "ಮುಂದಿನ ಸಲವೂ ಟ್ರೈಲರ್ ಕೊಡುತ್ತೇನೆ ತಾಯಿ. ಬೀಗದ ಕೈ ಮಾತ್ರ ಕೋಣಪ್ಪನ ಹತ್ತಿರ ಇರಲಿ."