ಮಾರ್ಸಲಿಯ ಬಾಯಿಪಾಠ

ಏಳು ಸಮುದ್ರದ ಆಚೆ, ಬಿಸಿಲಿಗೂ ಚಳಿ ಹಿಡಿಯೋ ಅಂಥ ಒಂದು ಗುಡ್ಡಸೀಮೆ ಇತ್ತಂತೆ. ಅಲ್ಲಿನ ಜನ ಕುರಿ ಕಾಯೋರು. ಗಂಡಸರೂ ಮಂಡಿವರೆಗೆ ಚೌಕಳಿ ಬಟ್ಟೆಯ ಲಂಗ ಉಡೋರು. ನಗಬೇಡಿ, ನಮ್ಮ ತಾತಂದಿರು ಪಂಚೆ ಎತ್ತಿ ಕಟ್ಟಿದಾಗ ಯಾರಾದರೂ ನಕ್ಕಿದ್ದರಾ?

ಅವರ ವಾದ್ಯ ಒಂದು ಚೀಲ. ಕುರಿಚರ್ಮದ ಚೀಲಕ್ಕೆ ಕೊಳಲು ಸಿಕ್ಕಿಸಿ, ಕಂಕುಳಲ್ಲಿ ಅಮುಕುತ್ತಾ ಊದಿದರೆ ಈ ಗುಡ್ಡದ್ದು ಆ ಗುಡ್ಡಕ್ಕೆ ಕೇಳೋದಂತೆ.

ಆ ಸೀಮೆಯಲ್ಲಿ ಒಂದು ಕಟ್ಟಳೆ. ವರ್ಷಕ್ಕೊಂದು ಸಲ ಮೇವಿನ ಗುಡ್ಡದ ನೆತ್ತಿ ಮೇಲೆ ಊರೆಲ್ಲ ಸೇರಬೇಕು. ಎರಡು ಕತ್ತಿ ಅಡ್ಡಡ್ಡ ನೆಲಕ್ಕಿಟ್ಟು, ಕಾಲು ತಾಗದ ಹಾಗೆ ಅವುಗಳ ಸಂದಿನಲ್ಲಿ ಒಬ್ಬರು ಕುಣಿಯಬೇಕು. ಕುಣಿದರೆ ಗುಡ್ಡ ಊರಿನದು. ಕುಣಿತ ನಿಂತರೆ, ಕತ್ತಿಗೆ ಕಾಲು ತಾಗಿದರೆ, ಗುಡ್ಡ ರಾಜನದು. ಗುಡ್ಡ ಹೋದರೆ ಕುರಿಗೆ ಮೇವಿಲ್ಲ, ಕುರಿ ಹೋದರೆ ಊರೇ ಇಲ್ಲ.

ರಾಜನಿಗೆ ಆ ಹಸಿರು ಕಂಡರೆ ಹೊಟ್ಟೆಯುರಿ. ಕಟ್ಟಳೆ ಮುರಿಯೋಣ ಅಂದರೆ ತಾತಂದಿರು ಇಟ್ಟ ಆಣೆ. ಅದಕ್ಕೆ ಬಳಸುದಾರಿ ಹಿಡಿದ. ಕುಣಿತಕ್ಕೆ ಊದೋ ಆ ಚೀಲ ಯುದ್ಧಕ್ಕೆ ಜನ ಸೇರಿಸೋ ವಾದ್ಯ, ಇನ್ನು ಯಾರೂ ಇಟ್ಟುಕೊಳ್ಳಕೂಡದು ಅಂತ ಡಂಗುರ ಹೊಡೆಸಿದ. ಸಿಪಾಯಿಗಳು ಮನೆ ಮನೆ ಹೊಕ್ಕು, ಚೀಲಗಳನ್ನೆಲ್ಲ ರಾಶಿ ಹಾಕಿ ಸುಟ್ಟರಂತೆ.

ಆ ರಾಶಿಯಲ್ಲಿ ಮಾರ್ಸಲಿ ಅನ್ನೋಳ ಗಂಡನ ಚೀಲವೂ ಇತ್ತು. ಅವನು ಊರಿಗೇ ಊದೋನು. ಅವನು ಸತ್ತ ಮೇಲೂ ಚರ್ಮ ಒಣಗದಿರಲಿ ಅಂತ ಅವಳು ಜೇನು ಸವರಿ ಕಾಪಾಡಿದ್ದಳು. ಜೇನು ಸುಟ್ಟ ವಾಸನೆ ಬಂತು. ಆದರೂ ಸಿಪಾಯಿಗಳ ಮುಂದೆ ಒಂದು ಹನಿ ಕಣ್ಣೀರು ಹಾಕಲಿಲ್ಲ, ಗಟ್ಟಿ ಹೆಂಗಸು.

ಕೂಟದ ದಿನ ಬಂತು. ಕುಣಿಯೋ ಸರದಿ ಮಾರ್ಸಲಿ ಮಗಳು ಊನಾಳದು. ಕತ್ತಿ ಮುಂದೆ ನಿಂತಿದ್ದಾಳೆ, ಮುಖದಲ್ಲಿ ರಕ್ತವಿಲ್ಲ. ವಾದ್ಯವಿಲ್ಲದೆ ಹೆಜ್ಜೆ ತಪ್ಪುತ್ತೆ ಅನ್ನೋದು ರಾಜನಿಗೆ ಖಾತ್ರಿ. ಕುರ್ಚಿ ಹಾಕಿಸಿಕೊಂಡು ಕೂತು, “ಕುಣೀರಪ್ಪ, ಬೇಡ ಅಂದೋರು ಯಾರು?” ಅಂದ.

“ಕುಣೀತೀವಿ,” ಅಂದಳು ಮಾರ್ಸಲಿ. ಸೊಂಟಕ್ಕೆ ಕೈಯಿಟ್ಟು ಶುರು ಮಾಡಿದಳು. ಹಿನ್ ಡಿನ್ ಹೊಡ್ರೊ, ಹೊಡ್ರೊ ಹಿನ್!

ಪಾಪ, ರಾಜನಿಗೇನು ಗೊತ್ತು? ಆ ಸೀಮೆಯಲ್ಲಿ ಕಲಿಯೋರ ಕೈಗೆ ಮೊದಲೇ ಚೀಲ ಕೊಡೋದಿಲ್ಲ. ನಮ್ಮಲ್ಲಿ ಮದ್ದಳೆ ಕಲಿಯೋರು ತಕಿಟ ತಕಧಿಮಿ ಅನ್ನೋ ಹಾಗೆ, ಒಂದೊಂದು ಮಟ್ಟನ್ನೂ ಬಾಯಲ್ಲಿ ಹೇಳಿ ಕಲೀಬೇಕು. ಗಂಡಸರು ಒಲೆ ಮುಂದೆ ಕೂತು ಹೇಳಿಕೊಟ್ಟಿದ್ದನ್ನೆಲ್ಲ ರೊಟ್ಟಿ ಸುಡುತ್ತಾ ಹೆಂಗಸರೂ ಬಾಯಿಪಾಠ ಮಾಡಿದ್ದರು.

ಹಿನ್ ಡಿನ್ ಹೊಡ್ರೊ! ಊನಾಳ ಕಾಲಿಗೆ ಜೀವ ಬಂತು, ಕತ್ತಿ ಸಂದಿನಲ್ಲಿ ಕುಣಿದಳು. ರಾಜ ಅವಳ ತಾಯಿಯ ಬಾಯಿ ಮುಚ್ಚಿಸಿ ಅಂದ. ಸಿಪಾಯಿಯೊಬ್ಬ ಮಾರ್ಸಲಿಯ ಬಾಯಿಗೆ ಕೈ ಒತ್ತಿದ. ಊನಾಳ ಒಂದು ಕಾಲು ಇನ್ನೂ ಗಾಳಿಯಲ್ಲಿ. ಅದು ನೆಲಕ್ಕಿಳಿಯೋದರೊಳಗೆ ಮಾರ್ಸಲಿ ಪಕ್ಕದವಳು ಮಟ್ಟು ಹಿಡಿದುಕೊಂಡಳು, ಹೊಡ್ರೊ ಹಿನ್! ಅವಳ ಬಾಯಿ ಮುಚ್ಚಿದರೆ ಹಿಂದಿನವಳು. ಅವಳನ್ನೂ ಮುಚ್ಚಿದರೆ ಮುದುಕಿಯರು, ಮಕ್ಕಳು, ಕೊನೆಗೆ ಗುಡ್ಡಕ್ಕೆ ಗುಡ್ಡವೇ. ಮುಚ್ಚೋ ಕೈಗಳು ಸಾಲಲಿಲ್ಲ. ಸಿಪಾಯಿಗಳಲ್ಲೂ ಆ ಸೀಮೆಯವರಿದ್ದರಲ್ಲ, ತಾಯಿ ಹೇಳುತ್ತಿದ್ದ ಮಟ್ಟು ಕಿವಿಗೆ ಬಿದ್ದು ಅವರ ಕೈ ತಾವಾಗೇ ಸಡಿಲಾದವಂತೆ.

ಕುಣಿತ ಮುಗೀತು. ಕತ್ತಿ ಕದಲಿರಲಿಲ್ಲ. ರಾಜ ಕೂತಲ್ಲೇ ಕೆಂಪಗಾಗಿ, ಇದು ನಡೆಯೋದಿಲ್ಲ, ಆ ಬಾಯಿಪಾಠವನ್ನೂ ನಿಲ್ಲಿಸ್ತೀನಿ ಅಂದ.

“ನಿಲ್ಲಿಸಿ ಬುದ್ಧಿ,” ಅಂದಳು ಮಾರ್ಸಲಿ. “ಮೊದಲು ನಿಮ್ಮ ಕಾಲಿಂದ ಶುರು ಮಾಡಿ.”

ರಾಜ ಬಗ್ಗಿ ನೋಡಿದ. ಅವನ ಜೋಡಿನ ತುದಿ ಇನ್ನೂ ತಾಳ ಹಾಕ್ತಾನೇ ಇತ್ತಂತೆ.

ಊರೆಲ್ಲ ನಕ್ಕಿತು. ರಾಜ ಗುಡ್ಡ ಇಳಿದುಹೋದ. ಮಾರನೆ ದಿನ ಬೆಳಗ್ಗೆ ಕುರಿಗಳು ಎಂದಿನ ಹಾಗೆ ಗುಡ್ಡ ಹತ್ತಿ ಮೇಯ್ದವು. ಆಮೇಲೆ ಹೊಸ ಚೀಲಗಳು ಬಂದರೂ, ಕೂಟದಲ್ಲಿ ಮೊದಲ ಕುಣಿತ ಬಾಯಿಪಾಠಕ್ಕೇ ಆಗಬೇಕು ಅಂತ ಮಾಡಿದರಂತೆ.

ಅವರು ಅಲ್ಲಿ ಕುಣೀತಿದ್ದಾರೆ, ನಾವಿಲ್ಲಿ ಕೂತು ಕೇಳ್ತಿದ್ದೇವೆ. ಕಾಲು ಜುಮ್ಮಂದೋರು ಏಳಿ.